ಕುಟುಂಬ ಪ್ರವಾಸದಲ್ಲಿ ಜಲೋದ್ಯಾನ: ಎಷ್ಟು ಹೊತ್ತು ಕಳೆಯಬೇಕು?

ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ತಾಲೂಕುಗಳ ಗ್ರಾಮೀಣ ಕುಟುಂಬಗಳಿಗೆ ಮಕ್ಕಳೊಡನೆ ಪ್ರವಾಸ ಕೈಗೊಳ್ಳಲು ವರ್ಷದಲ್ಲಿ ಎರಡು ಅವಕಾಶಗಳು ದೊರೆಯುತ್ತವೆ. ಮೊದಲನೆಯದು ಏಪ್ರಿಲ್ ಎರಡನೆಯ ವಾರದಿಂದ ಮೇ ಅಂತ್ಯದವರೆಗಿನ ಬೇಸಿಗೆ ರಜೆ. ಎರಡನೆಯದು ದಸರಾ ರಜೆ. ಬೇವೂರಿನಂತಹ ಬಯಲುಸೀಮೆಯ ಊರಿನ ಮಕ್ಕಳು ಪ್ರವಾಸವೆಂದೊಡನೆ ನೀರಿರುವ ಸ್ಥಳವನ್ನೇ ಬಯಸುವುದು ಸಹಜವಾಗಿದೆ. ಎಲ್ಲಿಗೆ ಹೋಗಬೇಕೆಂಬುದನ್ನು ಹಿರಿಯರು ಹತ್ತು ದಿನ ಮೊದಲೇ ನಿಶ್ಚಯಿಸುತ್ತಾರೆ. ಆದರೆ ಅಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನು ಮಾತ್ರ ಸ್ಥಳಕ್ಕೆ ತಲುಪಿದ ಮೇಲೆ, ಮಕ್ಕಳ ಹಠ ಹಾಗೂ ಕೊನೆಯ ಬಸ್ಸಿನ ವೇಳೆಗೆ ಬಿಟ್ಟುಬಿಡುತ್ತಾರೆ. ದಣಿವು, ಜ್ವರ, ಅನಗತ್ಯ ಖರ್ಚು ಹಾಗೂ ಕೆಲವೊಮ್ಮೆ ಭರಿಸಲಾಗದ ಹಾನಿಗೆ ಈ ಒಂದು ಉಪೇಕ್ಷೆಯೇ ಕಾರಣವಾಗುತ್ತದೆ.

ಸಮಯದ ಲೆಕ್ಕ ಹಾಕುವ ಮುನ್ನ ನೀರಿನ ಬಗೆಯನ್ನು ಗುರುತಿಸಿಕೊಳ್ಳುವುದು ಅವಶ್ಯಕ. ಅಣೆಕಟ್ಟೆಗಳ ಉದ್ಯಾನಗಳಲ್ಲಿರುವುದು ನೋಡುವ ನೀರು. ಜಲಕ್ರೀಡಾ ಉದ್ಯಾನಗಳಲ್ಲಿರುವುದು ಇಳಿಯುವ ನೀರು. ಇವೆರಡರ ನಡುವೆ, ದಾರಿಯಲ್ಲಿ ಎದುರಾಗುವ ಹಿನ್ನೀರು, ಕಾಲುವೆ, ನದಿ ಹಾಗೂ ಕಲ್ಲುಗಣಿಯ ಹೊಂಡಗಳು ಇಳಿಯಬಾರದ ನೀರು. ಮೂರಕ್ಕೂ ಒಂದೇ ಅಳತೆಗೋಲು ಸಲ್ಲದು.

ಆಲಮಟ್ಟಿ: ನೋಡುವ ನೀರಿಗೆ ಒಂದು ಸಂಜೆ

ಬೇವೂರಿನ ಕುಟುಂಬಕ್ಕೆ ಒಂದೇ ದಿನದಲ್ಲಿ ಹೋಗಿಬರಲು ಅನುಕೂಲವಾದ ಸ್ಥಳವೆಂದರೆ ಆಲಮಟ್ಟಿ. ಕೃಷ್ಣಾ ನದಿಗೆ ಅಡ್ಡಲಾಗಿ ನಿರ್ಮಿಸಲಾದ ಇಲ್ಲಿನ ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವೆಂದು ಹೆಸರಿಡಲಾಗಿದೆ. ಅಣೆಕಟ್ಟೆಯು ವಿಜಯಪುರ ಜಿಲ್ಲೆಯ ನಿಡಗುಂದಿ ತಾಲೂಕಿನಲ್ಲಿದ್ದರೂ ಅದರ ಹಿನ್ನೀರು ಬಾಗಲಕೋಟೆ ಜಿಲ್ಲೆಯೊಳಕ್ಕೆ ಬಹುದೂರ ಚಾಚಿಕೊಂಡಿದೆ. ಗರಿಷ್ಠ ಮಟ್ಟವಾದ 519.60 ಮೀಟರ್‌ನಲ್ಲಿ ಜಲಾಶಯದ ಸಂಗ್ರಹ ಸಾಮರ್ಥ್ಯ ಸುಮಾರು 123 ಟಿ.ಎಂ.ಸಿ. ಅಡಿಗಳಷ್ಟಿದೆ. ಅಣೆಕಟ್ಟೆಯ ಆವರಣದಲ್ಲಿ ರಾಕ್ ಗಾರ್ಡನ್, ಮೊಘಲ್ ಉದ್ಯಾನ, ಸಂಗೀತ ಕಾರಂಜಿ ಮುಂತಾದವುಗಳನ್ನು ಅಭಿವೃದ್ಧಿಪಡಿಸಲಾಗಿದೆ. ಅಣೆಕಟ್ಟೆಯ ಬುಡದಲ್ಲಿ ಉದ್ಯಾನವನ್ನು ನಿರ್ಮಿಸಿ ಜನರನ್ನು ಸಂಜೆಯ ವಿಹಾರಕ್ಕೆ ಕರೆಯುವ ಪದ್ಧತಿ ಕರ್ನಾಟಕಕ್ಕೆ ಹೊಸತಲ್ಲ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನವು 1932ರಲ್ಲಿ ಪೂರ್ಣಗೊಂಡಿತು. ಆಲಮಟ್ಟಿಯು ಅದೇ ಪರಂಪರೆಗೆ ಸೇರಿದುದಾಗಿದೆ.

ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನರು ಬೆಳಿಗ್ಗೆ ಬೇಗನೆ ಮನೆ ಬಿಟ್ಟು ಹನ್ನೊಂದು ಗಂಟೆಗೆಲ್ಲ ಉದ್ಯಾನ ಸೇರುತ್ತಾರೆ. ಬೇಸಿಗೆಯಲ್ಲಿ ಇದು ತಪ್ಪು ಕ್ರಮ. ಮೇ ಮೊದಲ ವಾರದಲ್ಲಿ ಬಾಗಲಕೋಟೆ ಸೀಮೆಯಲ್ಲಿ ಸೂರ್ಯನು ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಕಲ್ಲುಹಾಸಿನ ದಾರಿ, ಸಿಮೆಂಟಿನ ಕಟ್ಟೆ ಹಾಗೂ ಶಿಲ್ಪಗಳಿಂದ ಕೂಡಿದ ಉದ್ಯಾನದಲ್ಲಿ ಆ ಹೊತ್ತಿನಲ್ಲಿ ಚಿಕ್ಕ ಮಕ್ಕಳನ್ನು ನಡೆಸುವುದು ಹಿತಕರವಲ್ಲ. ಇಷ್ಟಾಗಿಯೂ ಎಲ್ಲರೂ ನೋಡಬಯಸುವ ಸಂಗೀತ ಕಾರಂಜಿ ಆರಂಭವಾಗುವುದು ಕತ್ತಲಾದ ಮೇಲೆಯೇ. ಹನ್ನೊಂದಕ್ಕೆ ಬಂದವರು ಅದಕ್ಕಾಗಿ ಎಂಟು ತಾಸು ಕಾಯಬೇಕಾಗುತ್ತದೆ. ಆರನೆಯ ತಾಸಿನಲ್ಲಿಯೇ ಮಕ್ಕಳು ಅಳಲಾರಂಭಿಸಿ, ಕಾರಂಜಿ ನೋಡದೆ ಹಿಂದಿರುಗುವ ಕುಟುಂಬಗಳೂ ಉಂಟು.

ಆದುದರಿಂದ ಆಲಮಟ್ಟಿಯ ಸಮಯವನ್ನು ಕಾರಂಜಿಯಿಂದ ಹಿಂದಕ್ಕೆ ಎಣಿಸುವುದು ಸೂಕ್ತ. ಮೇ ಮಧ್ಯಭಾಗದಲ್ಲಿ ಈ ಭಾಗದಲ್ಲಿ ಸೂರ್ಯಾಸ್ತವು ಸಂಜೆ 6 ಗಂಟೆ 50 ನಿಮಿಷದ ಸುಮಾರಿಗೆ ಆಗುತ್ತದೆ. ಅಕ್ಟೋಬರ್ ಮಧ್ಯಭಾಗದಲ್ಲಿ ಆರು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಬೇಸಿಗೆಯಲ್ಲಿ ನಾಲ್ಕು ಗಂಟೆಗೆ ತಲುಪಿ ಕಾರಂಜಿ ಮುಗಿದೊಡನೆ ಹೊರಡುವುದಾದರೆ ಸುಮಾರು ನಾಲ್ಕು ತಾಸುಗಳಾಗುತ್ತವೆ. ದಸರಾ ರಜೆಯಲ್ಲಿ ಮೂರು ಗಂಟೆಗೆ ತಲುಪಿದರೂ ಬಿಸಿಲಿನ ತೊಂದರೆಯಿರುವುದಿಲ್ಲ. ಏಳರ ಆಸುಪಾಸಿನಲ್ಲಿ ಮರಳಿ ಹೊರಡಬಹುದು. ಐದು ವರ್ಷದೊಳಗಿನ ಮಕ್ಕಳಿದ್ದಲ್ಲಿ ಅಂದು ಮಧ್ಯಾಹ್ನ ಅವರನ್ನು ಮನೆಯಲ್ಲಿಯೇ ಮಲಗಿಸಿ ಎಬ್ಬಿಸಿಕೊಂಡು ಹೊರಡುವುದು ಉಳಿದೆಲ್ಲ ಸಿದ್ಧತೆಗಿಂತ ಹೆಚ್ಚು ಪ್ರಯೋಜನಕಾರಿ. ಕಾರಂಜಿ ಪ್ರದರ್ಶನದ ದಿನ ಹಾಗೂ ವೇಳೆಯನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳತಕ್ಕದ್ದು.

ಹೋಗಿಬರುವ ದಾರಿಯ ಸಮಯವನ್ನು ಪ್ರತ್ಯೇಕವಾಗಿ ಹಿಡಿಯಬೇಕು. ಬಸ್ಸಿನಲ್ಲಿ ಹೋಗುವವರು ಬಾಗಲಕೋಟೆಯಲ್ಲಿ ವಾಹನ ಬದಲಿಸುವ ಹಾಗೂ ಕಾಯುವ ಹೊತ್ತನ್ನೂ ಸೇರಿಸಿ ಒಂದೊಂದು ದಿಕ್ಕಿಗೆ ಎರಡು ತಾಸುಗಳೆಂದು ಲೆಕ್ಕ ಹಾಕಿದರೆ ಗಡಿಬಿಡಿ ತಪ್ಪುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತಿದ್ದು, ಕುಟುಂಬ ಪ್ರವಾಸದ ವೆಚ್ಚ ಗಣನೀಯವಾಗಿ ತಗ್ಗಿದೆ. ಅದರೊಂದಿಗೆ ರಜಾದಿನಗಳ ಬಸ್ಸುಗಳಲ್ಲಿ ದಟ್ಟಣೆಯೂ ಹೆಚ್ಚಿದೆ. ರಾತ್ರಿ ಬಾಗಲಕೋಟೆಯಿಂದ ಊರಿಗೆ ಕೊನೆಯ ಬಸ್ಸು ಯಾವುದೆಂಬುದನ್ನು ಹೋಗುವಾಗಲೇ ನಿಲ್ದಾಣದಲ್ಲಿ ತಿಳಿದುಕೊಳ್ಳಬೇಕು. ಅದು ಕಾರಂಜಿಯ ವೇಳೆಗೆ ಹೊಂದದಿದ್ದಲ್ಲಿ ನಾಲ್ಕೈದು ಕುಟುಂಬಗಳು ಸೇರಿ ಒಂದು ವಾಹನವನ್ನು ಗೊತ್ತುಮಾಡಿಕೊಳ್ಳುವುದು ಮೇಲು.

ಯಾವ ಋತುವಿನಲ್ಲಿ ಹೋಗಬೇಕೆಂಬ ಪ್ರಶ್ನೆ ಇನ್ನೂ ಮುಖ್ಯವಾದುದು. ಜಲಾಶಯವನ್ನು ತುಂಬುವುದು ಬಾಗಲಕೋಟೆಯ ಮಳೆಯಲ್ಲ, ಮಹಾರಾಷ್ಟ್ರದ ಪಶ್ಚಿಮಘಟ್ಟಗಳಲ್ಲಿ ಮುಂಗಾರಿನಲ್ಲಿ ಸುರಿಯುವ ಮಳೆ. ಸಾಮಾನ್ಯವಾಗಿ ಜುಲೈನಿಂದ ಒಳಹರಿವು ಏರತೊಡಗಿ, ಆಗಸ್ಟ್ ವೇಳೆಗೆ ಜಲಾಶಯವು ತುಂಬಿ ನಿಲ್ಲುತ್ತದೆ. ಹೀಗಾಗಿ ಬೇಸಿಗೆ ರಜೆಯಲ್ಲಿ ನೀರು ತಳ ಕಂಡಿರುತ್ತದೆ. ದಸರಾ ರಜೆಯಲ್ಲಿ ಕಣ್ಣಳತೆ ಮೀರಿ ಹರಡಿರುತ್ತದೆ. ತುಂಬಿದ ಜಲಾಶಯವನ್ನು ನೋಡಬಯಸುವವರಿಗೆ ದಸರಾ ರಜೆಯೇ ತಕ್ಕ ಕಾಲ. ಆದರೆ ಎರೆಹೊಲದ ಒಕ್ಕಲಿಗರಿಗೆ ಅದು ಹಿಂಗಾರಿ ಜೋಳದ ಬಿತ್ತನೆಯ ಕಾಲವೂ ಹೌದು. ಹದ ತಪ್ಪಿದರೆ ವರ್ಷದ ರೊಟ್ಟಿಯೇ ತಪ್ಪೀತು. ಮೂರು ದಿನಗಳ ಪ್ರವಾಸವನ್ನು ಅಂತಹ ಕುಟುಂಬಗಳು ಬೇಸಿಗೆಗೆ ಇರಿಸಿಕೊಂಡು, ದಸರೆಯಲ್ಲಿ ಒಂದು ಸಂಜೆಯನ್ನಷ್ಟೇ ಆಲಮಟ್ಟಿಗೆ ಮೀಸಲಿಡಬಹುದಾಗಿದೆ.

ಜಲಕ್ರೀಡಾ ಉದ್ಯಾನ: ಏಳು ತಾಸಿನ ಟಿಕೆಟ್, ನಾಲ್ಕು ತಾಸಿನ ನೀರು

ಜಾರುಬಂಡೆ, ಅಲೆಗಳ ಕೊಳ ಹಾಗೂ ಕೃತಕ ತೊರೆಗಳಿರುವ ಜಲಕ್ರೀಡಾ ಉದ್ಯಾನಗಳ ಕಲ್ಪನೆ ಹೊಸತು. ಅಮೆರಿಕದ ಫ್ಲಾರಿಡಾ ರಾಜ್ಯದ ಒರ್ಲಾಂಡೊ ನಗರದಲ್ಲಿ 1977ರಲ್ಲಿ ಆರಂಭವಾದ ಉದ್ಯಾನವನ್ನು ಈ ಮಾದರಿಯ ಮೊದಲನೆಯದೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಕರ್ನಾಟಕದಲ್ಲಿ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಹಾಗೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ ಹೆಚ್ಚು ಪರಿಚಿತವಾಗಿವೆ. ಬಾಗಲಕೋಟೆ ಭಾಗದಿಂದ ಇಲ್ಲಿಗೆ ಹೋಗುವವರು ಹೆಚ್ಚಾಗಿ ಬಾಗಲಕೋಟೆ, ಬಾದಾಮಿ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಸಾಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲನ್ನೋ ರಾತ್ರಿ ಬಸ್ಸನ್ನೋ ಅವಲಂಬಿಸುತ್ತಾರೆ.

ವಸತಿಯ ಖರ್ಚು ಉಳಿಸುವ ಸಲುವಾಗಿ ರಾತ್ರಿ ಪ್ರಯಾಣ ಮಾಡಿ, ಬೆಳಿಗ್ಗೆ ನೇರವಾಗಿ ಉದ್ಯಾನಕ್ಕೆ ಹೋಗಿ, ಅದೇ ರಾತ್ರಿ ಊರಿಗೆ ಹಿಂದಿರುಗುವ ಯೋಜನೆ ಬಹಳ ಪ್ರಚಲಿತವಾಗಿದೆ. ಎರಡು ರಾತ್ರಿ ನಿದ್ರೆಗೆಟ್ಟು ನಡುವಿನ ಹಗಲಿಡೀ ನೀರಿನಲ್ಲಿರುವುದು ದೊಡ್ಡವರಿಗೇ ಕಷ್ಟ, ಮಕ್ಕಳಿಗಂತೂ ಸಲ್ಲದು. ಅನಿವಾರ್ಯವಾದಲ್ಲಿ ಹೋಗುವ ರಾತ್ರಿಯ ಪ್ರಯಾಣದ ಮರುದಿನ ವಿಧಾನಸೌಧ, ಕಬ್ಬನ್ ಉದ್ಯಾನ, ಲಾಲ್‌ಬಾಗ್‌ಗಳಂತಹ ನಿಧಾನವಾಗಿ ನೋಡುವ ಸ್ಥಳಗಳನ್ನು ಇಟ್ಟುಕೊಂಡು, ಒಂದು ರಾತ್ರಿ ತಂಗಿ, ಜಲಕ್ರೀಡೆಯನ್ನು ಎರಡನೆಯ ದಿನಕ್ಕೆ ತಳ್ಳುವುದು ಒಳ್ಳೆಯದು. ಒಂದು ರಾತ್ರಿಯ ಕೋಣೆಯ ಬಾಡಿಗೆಯು ಮಗುವಿಗೆ ಜ್ವರ ಬಂದು ಊರಿನಲ್ಲಿ ಮಾಡಬೇಕಾಗುವ ಖರ್ಚಿಗಿಂತ ಹೆಚ್ಚಾಗಲಾರದು.

ಉದ್ಯಾನವು ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ತೆರೆದಿರುತ್ತದೆಂದು ಭಾವಿಸಿದರೆ ಟಿಕೆಟ್ ಏಳು ತಾಸುಗಳದ್ದು. ಟಿಕೆಟ್ ತೋರಿಸಿ ಒಳಹೋಗಲು, ಚೀಲಗಳನ್ನು ಲಾಕರಿನಲ್ಲಿರಿಸಲು ಹಾಗೂ ಬಟ್ಟೆ ಬದಲಿಸಲು ಮುಕ್ಕಾಲು ತಾಸಿಗೆ ಕಡಿಮೆಯಿಲ್ಲ. ಊಟ ಹಾಗೂ ನೆರಳಿನ ವಿಶ್ರಾಂತಿಗೆ ಒಂದೂವರೆ ತಾಸು. ಕೊನೆಯಲ್ಲಿ ಶುದ್ಧ ನೀರಿನ ಸ್ನಾನ, ಒಣ ಬಟ್ಟೆ ಹಾಗೂ ಎಲ್ಲರನ್ನೂ ಒಂದೆಡೆ ಸೇರಿಸಲು ಮತ್ತೆ ಮುಕ್ಕಾಲು ತಾಸು. ಉಳಿಯುವುದು ನಾಲ್ಕು ತಾಸು. ಇದರಲ್ಲಿಯೂ ಬಹುಭಾಗ ಸಾಲಿನಲ್ಲಿಯೇ ಕಳೆಯುತ್ತದೆ. ಎತ್ತರದ ಜಾರುಬಂಡೆಯಿಂದ ಕೆಳಗಿಳಿಯಲು ಅರ್ಧ ನಿಮಿಷವೂ ಬೇಕಾಗುವುದಿಲ್ಲ. ಮೇ ತಿಂಗಳ ಭಾನುವಾರ ಅದಕ್ಕಾಗಿ ಅರ್ಧ ತಾಸು ನಿಲ್ಲಬೇಕಾದೀತು. ಅದೇ ಉದ್ಯಾನಕ್ಕೆ ಮಂಗಳವಾರವೋ ಬುಧವಾರವೋ ಹೋದವರು ಅಷ್ಟೇ ಹೊತ್ತಿನಲ್ಲಿ ಎರಡರಷ್ಟು ಆಟವಾಡಿ ಬರಬಹುದು. ವಾರದ ದಿನವನ್ನು ಆರಿಸಿಕೊಳ್ಳುವುದರಿಂದ ಸಿಗುವ ಸಮಯವು ಬೇರಾವ ಉಪಾಯದಿಂದಲೂ ಸಿಗದು.

ಕೊಟ್ಟ ಹಣ ಪೂರ್ತಿ ವಸೂಲಾಗಬೇಕೆಂದು ತೆರೆಯುವುದರಿಂದ ಮುಚ್ಚುವವರೆಗೆ ಮಕ್ಕಳನ್ನು ನೀರಿನಲ್ಲಿಯೇ ಬಿಡುವ ಪೋಷಕರು ಕಂಡುಬರುತ್ತಾರೆ. ದೇಹದ ಲೆಕ್ಕ ಬೇರೆಯಿದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಹೆಚ್ಚು. ಆದ್ದರಿಂದ ಅವರ ಮೈ ಬೇಗನೆ ತಣಿಯುತ್ತದೆ. ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ನೀರಿನಲ್ಲಿರುವ ಮಗು ನಡುಗುವುದು ಇದೇ ಕಾರಣದಿಂದ. ತುಟಿ ನೀಲಿಗಟ್ಟುವುದು, ಹಲ್ಲು ಕಡಿಯುವುದು, ಸುಮ್ಮನಾಗುವುದು ಇದರ ಗುರುತುಗಳು. ಇನ್ನೊಂದು ಸಂಗತಿ ಅಷ್ಟಾಗಿ ಜನರ ಗಮನಕ್ಕೆ ಬಂದಿಲ್ಲ. ನೀರಿನಲ್ಲಿ ಮುಳುಗಿರುವಾಗ ಬಾಯಾರಿಕೆ ಕಡಿಮೆಯಾಗುತ್ತದೆ, ಮೂತ್ರ ಹೆಚ್ಚಾಗುತ್ತದೆ, ಬೆವರು ಕಾಣಿಸುವುದಿಲ್ಲ. ನೀರಿನಲ್ಲಿದ್ದುಕೊಂಡೇ ದೇಹದ ನೀರು ಆರುತ್ತದೆ. ಮಗು ಕೇಳಲೆಂದು ಕಾಯದೆ, ನೀರಿನಿಂದ ಮೇಲೆ ಬಂದಾಗಲೆಲ್ಲ ಕುಡಿಯಲು ನೀರನ್ನೋ ಮಜ್ಜಿಗೆಯನ್ನೋ ಕೊಡತಕ್ಕದ್ದು.

ಆರು ವರ್ಷದೊಳಗಿನ ಮಕ್ಕಳನ್ನು ಒಮ್ಮೆಗೆ ಅರ್ಧ ತಾಸಿಗಿಂತ ಹೆಚ್ಚು ನೀರಿನಲ್ಲಿ ಇರಿಸದಿರುವುದು, ದೊಡ್ಡ ಮಕ್ಕಳನ್ನು ತಾಸಿಗೊಮ್ಮೆ ಮೇಲೆ ಕರೆದು ಕಾಲು ತಾಸು ನೆರಳಿನಲ್ಲಿ ಕೂರಿಸುವುದು ಒಳ್ಳೆಯ ಪದ್ಧತಿ. ನಡುವಿನ ದೊಡ್ಡ ವಿರಾಮವನ್ನು ಮಧ್ಯಾಹ್ನ 12ರಿಂದ ಒಂದೂವರೆಯವರೆಗೆ ಇಟ್ಟುಕೊಂಡರೆ ಎರಡು ಲಾಭಗಳಿವೆ. ಬೆಂಗಳೂರಿನಲ್ಲಿಯೂ ಏಪ್ರಿಲ್ 24ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಗೆ ಬರುತ್ತಾನೆ. ಆ ತೀಕ್ಷ್ಣ ಬಿಸಿಲು ತಪ್ಪುತ್ತದೆ. ಉಳಿದವರೆಲ್ಲ ಒಂದೂವರೆಗೆ ಊಟಕ್ಕೆ ಏಳುವಾಗ ಜಾರುಬಂಡೆಗಳ ಸಾಲು ಸ್ವಲ್ಪ ಕರಗುವುದರಿಂದ ಆ ಹೊತ್ತಿಗೆ ಮರಳುವವರಿಗೆ ಅನುಕೂಲವಾಗುತ್ತದೆ. ಕೆಲವು ಉದ್ಯಾನಗಳಲ್ಲಿ ನೀರಿನ ಆಟಗಳ ವೇಳೆ ಉದ್ಯಾನದ ವೇಳೆಗಿಂತ ಕಿರಿದಾಗಿರುತ್ತದೆ. ಅಲೆಗಳ ಕೊಳವಂತೂ ಬಿಟ್ಟುಬಿಟ್ಟು ನಡೆಯುತ್ತದೆ. ಒಳಹೊಕ್ಕೊಡನೆ ಫಲಕವನ್ನು ಓದಿಕೊಂಡು ಅದಕ್ಕೆ ತಕ್ಕಂತೆ ಊಟದ ಹೊತ್ತನ್ನು ಹೊಂದಿಸಿಕೊಳ್ಳಬೇಕು.

ಉಡುಪು ಹಾಗೂ ಟಿಕೆಟ್ ಕುರಿತು ಮನೆಯಲ್ಲಿಯೇ ತಿಳಿದಿರುವುದು ಉತ್ತಮ. ಹತ್ತಿಯ ಬಟ್ಟೆ, ಸೀರೆ, ಜೀನ್ಸ್ ಧರಿಸಿ ಕೊಳಕ್ಕಿಳಿಯಲು ಇಂತಹ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ನೈಲಾನ್ ಉಡುಪನ್ನು ಅಲ್ಲಿಯೇ ಖರೀದಿಸಹೋದರೆ ಹಣವೂ ಅರ್ಧ ತಾಸೂ ವ್ಯಯವಾಗುತ್ತವೆ. ಮಕ್ಕಳ ಟಿಕೆಟ್ ದರ ಹಲವೆಡೆ ವಯಸ್ಸಿಗೆ ಬದಲಾಗಿ ಎತ್ತರದ ಮೇಲೆ ನಿಗದಿಯಾಗುತ್ತದೆ. ದೊಡ್ಡ ಜಾರುಬಂಡೆಗಳಿಗೂ ಎತ್ತರದ ಮಿತಿಯಿದೆ. ಮನೆಯ ಗೋಡೆಯ ಮೇಲೆ ಮಕ್ಕಳ ಎತ್ತರವನ್ನು ಅಳೆದುಕೊಂಡು ಹೊರಟರೆ ದ್ವಾರದಲ್ಲಿ ನಿರಾಶೆ ತಪ್ಪುತ್ತದೆ. ಇಳಕಲ್ ಸೀರೆಯುಟ್ಟ ಅಜ್ಜಿ ನೀರಿಗಿಳಿಯುವವರಲ್ಲ. ಆದರೂ ಅವರಿಗೆ ಟಿಕೆಟ್ ಬೇಕಾಗಬಹುದು, ಹಾಗೂ ಏಳು ತಾಸು ಬಿಸಿಲಿನಲ್ಲಿ ಚೀಲ ಕಾಯುವ ಕೆಲಸ ಅವರ ಪಾಲಿಗೆ ಬರುತ್ತದೆ. ಹಿರಿಯರು ಜೊತೆಗಿದ್ದಲ್ಲಿ ಒಟ್ಟು ಅವಧಿಯನ್ನು ಐದು ತಾಸಿಗೆ ಇಳಿಸುವುದು ನ್ಯಾಯ. ಅವರು ದಂಡೆಯ ಮೇಲಿದ್ದಾರೆಂಬ ಧೈರ್ಯದಿಂದ ಮಕ್ಕಳ ಕಾವಲನ್ನು ಅವರಿಗೆ ಒಪ್ಪಿಸಬಾರದು.

ಕಾವಲಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳುವುದು ಅಗತ್ಯ. ಮುಳುಗುವ ಮಗು ಕೂಗುತ್ತದೆ, ಕೈ ಬೀಸುತ್ತದೆ ಎಂಬುದು ಚಲನಚಿತ್ರಗಳಿಂದ ಬಂದ ನಂಬಿಕೆ. ಉಸಿರಿಗೇ ಎಡೆಯಿಲ್ಲದ ಮಗುವಿಗೆ ಕೂಗಲು ಸಾಧ್ಯವಾಗದು. ಒಂದೆರಡು ನಿಮಿಷಗಳಲ್ಲಿ, ಸದ್ದಿಲ್ಲದೆ, ಹತ್ತು ಜನರ ನಡುವೆಯೇ ಅನಾಹುತ ನಡೆದುಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಮೃತಪಟ್ಟಿದ್ದು, ಅವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು. ಎಲ್ಲರೂ ನೋಡುತ್ತಿದ್ದಾರೆ ಎಂದಾಗ ಯಾರೂ ನೋಡುತ್ತಿರುವುದಿಲ್ಲ. ಕುಟುಂಬದ ಒಬ್ಬ ವಯಸ್ಕರು ಅರ್ಧ ತಾಸು ಕಾವಲಿರುವುದು, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇಲ್ಲದಿರುವುದು, ಬಳಿಕ ಮಾತಿನಲ್ಲಿ ಹೇಳಿಯೇ ಇನ್ನೊಬ್ಬರಿಗೆ ಕಾವಲನ್ನು ಒಪ್ಪಿಸುವುದು ಸರಿಯಾದ ಕ್ರಮ. ಕಾವಲಿಗೆ ಜನ ಸಾಲದಾದಾಗ ನೀರಿನ ಅವಧಿ ಮುಗಿಯಿತೆಂದು ತಿಳಿಯಬೇಕು.

ದಾರಿಯಲ್ಲಿ ಸಿಗುವ ನೀರಿಗೆ ಸಮಯವಿಲ್ಲ

ಜಲೋದ್ಯಾನಗಳಲ್ಲಿ ಕಾವಲುಗಾರರಿರುತ್ತಾರೆ, ಆಳದ ಅಳತೆ ಬರೆದಿರುತ್ತದೆ. ದೊಡ್ಡ ಅಪಾಯವಿರುವುದು ಯೋಜನೆಯಲ್ಲಿ ಇಲ್ಲದ, ಹಿಂದಿರುಗುವಾಗ ಹತ್ತು ನಿಮಿಷವೆಂದು ಇಳಿಯುವ ನೀರಿನಲ್ಲಿ. ಆಲಮಟ್ಟಿಯ ಹಿನ್ನೀರು ದಂಡೆಯಲ್ಲಿ ಶಾಂತವಾಗಿ, ಮೊಣಕಾಲು ಮಟ್ಟದ್ದಾಗಿ ಕಾಣುತ್ತದೆ. ಆದರೆ ಆ ನೀರಿನ ಅಡಿಯಲ್ಲಿರುವುದು ಒಂದು ಕಾಲದ ಹೊಲ, ಬಾವಿ, ಬೀದಿ. ಬಾಗಲಕೋಟೆಯ ಹಳೆಯ ಊರಿನ ಒಂದು ಭಾಗವೇ ಮುಳುಗಿ, ಜನರು ನವನಗರಕ್ಕೆ ಸ್ಥಳಾಂತರಗೊಂಡುದು ಎಲ್ಲರಿಗೂ ತಿಳಿದ ಸಂಗತಿ. ಎರಡು ಹೆಜ್ಜೆ ಮುಂದೆ ಹಳೆಯ ಬಾವಿಯ ಬಾಯಿ ಇರಬಹುದೆಂಬ ಅರಿವು ಹೊರಗಿನ ಪ್ರವಾಸಿಗರಿಗಿರುವುದಿಲ್ಲ. ಮುಳುಗಡೆಯ ನಂತರ ಹುಟ್ಟಿದ ಊರಿನ ಮಕ್ಕಳಿಗೂ ಇರಲಾರದು.

ಕೂಡಲಸಂಗಮವು ಆಲಮಟ್ಟಿಯ ಕೆಳಭಾಗದಲ್ಲಿ, ಕೃಷ್ಣಾ–ಮಲಪ್ರಭಾ ನದಿಗಳ ಸಂಗಮದಲ್ಲಿ, ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನ ಅಂಚಿನಲ್ಲಿದೆ. ಬಸವಣ್ಣನವರ ಐಕ್ಯಮಂಟಪವನ್ನು ಆ ಹಿನ್ನೀರಿನಿಂದ ರಕ್ಷಿಸಲೆಂದೇ ಅದರ ಸುತ್ತ ಬಾವಿಯಂತಹ ಗೋಡೆಯನ್ನು ಕಟ್ಟಲಾಗಿದೆ. ಮುಂಗಾರಿನಲ್ಲಿ ಆಲಮಟ್ಟಿಯಿಂದ ನೀರು ಬಿಟ್ಟಾಗ ಇಲ್ಲಿ ಆಕಾಶ ತಿಳಿಯಾಗಿದ್ದರೂ ಹೊಳೆ ಏರಬಹುದು. ಮಲಪ್ರಭೆಯ ಸ್ವಭಾವವೂ ಇದೇ ತೆರನಾದುದು; ಮೇಲಿನ ನವಿಲುತೀರ್ಥ ಜಲಾಶಯದ ಹೊರಹರಿವು ಹೆಚ್ಚಿದ 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ದೇವಾಲಯಗಳ ಆವರಣವೇ ಜಲಾವೃತಗೊಂಡಿತ್ತು. ಸಂಗಮದಲ್ಲಿ ದರ್ಶನಕ್ಕೆ ಒಂದೂವರೆ ತಾಸು ಧಾರಾಳವಾಗಿ ಸಾಕು. ಪುಣ್ಯಸ್ನಾನ ಮಾಡುವವರು ಮೆಟ್ಟಿಲಿನ ಮೇಲೆ ಕುಳಿತು ತಂಬಿಗೆಯಿಂದ ನೀರು ಹಾಕಿಕೊಳ್ಳುವುದು ಕ್ಷೇಮಕರ.

ಹುನಗುಂದ, ಇಳಕಲ್ ಭಾಗದ ಗ್ರಾನೈಟ್ ಗಣಿಗಳಲ್ಲಿ ನಿಂತ ಮಳೆನೀರು ಹಸಿರಾಗಿ, ಸ್ವಚ್ಛವಾಗಿ ಕಾಣುತ್ತದೆ. ಕಲ್ಲನ್ನು ನೇರವಾಗಿ ಕತ್ತರಿಸಿ ತೆಗೆದಿರುವುದರಿಂದ ಅಲ್ಲಿ ದಂಡೆಯೆಂಬುದೇ ಇಲ್ಲ. ಕಾಲಿಟ್ಟಲ್ಲಿಯೇ ಆಳ, ಹಿಡಿಯಲು ನುಣುಪಾದ ಗೋಡೆ. ಈಜು ಬಲ್ಲವರೂ ಮೇಲೆ ಬರಲಾಗದ ಸ್ಥಳವಿದು. ನೀರಾವರಿ ಕಾಲುವೆಗಳ ಪಾಚಿಗಟ್ಟಿದ ಇಳಿಜಾರು ಗೋಡೆಗಳಿಗೂ ಈ ಮಾತು ಅನ್ವಯಿಸುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಕುಳಿತು ಗುಹೆಗಳನ್ನೂ ಭೂತನಾಥ ದೇವಾಲಯವನ್ನೂ ನೋಡಲು ಸಂಜೆಯ ಒಂದು ತಾಸು ಮೀಸಲಿಡಬಹುದು, ಇಳಿಯಲು ಬೇಡ.

ಹತ್ತಿರದಲ್ಲಿಯೇ ಮಕ್ಕಳು ನೀರಿಗೆ ಇಳಿಯಬೇಕೆಂದು ಹಠ ಹಿಡಿದರೆ ಮಹಾಕೂಟವನ್ನು ಪರಿಗಣಿಸಬಹುದು. ಬಾದಾಮಿ ಚಾಲುಕ್ಯರ ಕಾಲದ ದೇವಾಲಯಗಳ ನಡುವೆ ಇರುವ ಅಲ್ಲಿನ ವಿಷ್ಣು ಪುಷ್ಕರಿಣಿಗೆ ಸಹಜ ಊಟೆಯ ನೀರು ಬರುತ್ತದೆ. ಭಕ್ತರು ಅಲ್ಲಿ ಹಿಂದಿನಿಂದಲೂ ಸ್ನಾನ ಮಾಡುತ್ತ ಬಂದಿದ್ದಾರೆ. ಅದು ಕ್ಷೇತ್ರದ ತೀರ್ಥವಾದುದರಿಂದ ಸಾಬೂನು, ಗದ್ದಲ ಸಲ್ಲದು. ಅಲ್ಲಿ ಕಾವಲುಗಾರರಿಲ್ಲವೆಂದೇ ತಿಳಿದು, ಈಜು ಬಲ್ಲ ಹಿರಿಯರೊಬ್ಬರು ಮೊದಲು ಇಳಿದು ಆಳವನ್ನು ನೋಡಿದ ಮೇಲೆ, ಮಕ್ಕಳನ್ನು ಕೈಗೆಟಕುವಷ್ಟು ಹತ್ತಿರದಲ್ಲಿರಿಸಿಕೊಂಡು ಅರ್ಧ ತಾಸು ಆಡಿಸಬಹುದು. ಬೆಳಿಗ್ಗೆ ಒಂಬತ್ತರೊಳಗೆ ಹೋದರೆ ಜನಸಂದಣಿಯೂ ಬಿಸಿಲೂ ಕಡಿಮೆಯಿರುತ್ತದೆ. ಮರಗಳ ನೆರಳಿನಲ್ಲಿ ಬುತ್ತಿ ಬಿಚ್ಚಿ ಉಂಡು, ಹನ್ನೊಂದರ ಒಳಗೆ ಪಟ್ಟದಕಲ್ಲಿನ ಕಡೆಗೆ ಹೊರಡಬಹುದಾಗಿದೆ.

ಯಾರಾದರೂ ನೀರಿನಲ್ಲಿ ಸಿಲುಕಿದರೆ ಈಜು ಬಾರದವರು ಹಿಂದೆಯೇ ಧುಮುಕದೆ, ಸೀರೆ, ಹಗ್ಗ, ಉದ್ದನೆಯ ಕೋಲು ಅಥವಾ ಗಾಳಿ ತುಂಬಿದ ಟ್ಯೂಬನ್ನು ಎಸೆಯಬೇಕು. ಮೇಲೆತ್ತಿದ ವ್ಯಕ್ತಿಯನ್ನು ತಲೆಕೆಳಗಾಗಿ ಹಿಡಿದು ಅಥವಾ ಹೊಟ್ಟೆ ಒತ್ತಿ ನೀರು ಹೊರಗೆ ತೆಗೆಯಲು ಯತ್ನಿಸುವುದರಿಂದ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. ಉಸಿರಾಟವಿಲ್ಲದಿದ್ದಲ್ಲಿ ತಿಳಿದವರು ಕೂಡಲೇ ಬಾಯಿಯಿಂದ ಬಾಯಿಗೆ ಉಸಿರು ನೀಡಿ ಎದೆ ಒತ್ತತೊಡಗಬೇಕು. ತುರ್ತು ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬಹುದು. ಮಗು ಚೇತರಿಸಿಕೊಂಡಂತೆ ಕಂಡರೂ ಕೆಮ್ಮು, ಏದುಸಿರು, ತೂಕಡಿಕೆ ಮುಂದುವರಿದಲ್ಲಿ ಊರಿಗೆ ಹೊರಡದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.